ಗೇಟು ತೆರೆದವರು ಯಾರು ಎಂದು ಕೇಳುತ್ತ ಕಳೆದ ಐದು ದಿನ: ಕಪಿಲೆ ದಡದ ಒಂದು ಪ್ರಕರಣ

ಈ ಬರಹದಲ್ಲಿ ಊರಿನ ಹೆಸರಿಲ್ಲ, ವರ್ಷವೂ ಇಲ್ಲ. 2018, 2019, 2024, ಹೀಗೆ ಕಪಿಲೆ (ಕಬಿನಿ ನದಿ) ಉಕ್ಕಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ ವರ್ಷಗಳಲ್ಲಿ ಒಂದು ಎಂದಷ್ಟೇ ಇಟ್ಟುಕೊಳ್ಳಿ. ಜನರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಆಗ ನಾನು ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಜಿಲ್ಲಾ ಪುಟ ನೋಡಿಕೊಳ್ಳುತ್ತಿದ್ದೆ. ಬರೆಯುತ್ತಿರುವುದು ತಾಲ್ಲೂಕು ವರದಿಗಾರಿಕೆಗೆ ಹೊಸದಾಗಿ ಬರುವವರಿಗೆ. ಇದರಲ್ಲಿ ರಾಜಕಾರಣಿಗಳಿಗಿಂತ ನಮ್ಮ ಡೆಸ್ಕಿನ ತಪ್ಪೇ ಹೆಚ್ಚು ಕಾಣಿಸುತ್ತದೆ. ಬೇಕೆಂದೇ ಹಾಗೆ ಬರೆದಿದ್ದೇನೆ.

ಹಿನ್ನೆಲೆ

ಕಬಿನಿ ಜಲಾಶಯ ಇರುವುದು ಬೀಚನಹಳ್ಳಿಯಲ್ಲಿ. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2284 ಅಡಿ, ಸಾಮರ್ಥ್ಯ 19.52 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ನೀರು ಬರುವುದು ಕೇರಳದ ವಯನಾಡಿನಿಂದ. ಹಾಗಾಗಿ ಮೈಸೂರಿನಲ್ಲಿ ಬಟ್ಟೆ ಒಣಗುವಷ್ಟು ಬಿಸಿಲಿದ್ದರೂ ನಂಜನಗೂಡಿನ ಸ್ನಾನಘಟ್ಟ ಮುಳುಗಿರುತ್ತದೆ. ರಾಜ್ಯದಲ್ಲಿ ಮೊದಲು ತುಂಬುವ ಜಲಾಶಯ ಅಂತ ಪ್ರತಿವರ್ಷ ನಾವೇ ಹೆಮ್ಮೆಯಿಂದ ಬರೆಯುತ್ತೇವೆ. ತುಂಬಿದ ಮೇಲೆ ಬಾಗಿನ, ಬಾಗಿನದ ಫೋಟೊ, ಆಮೇಲೆ ಗೇಟುಗಳಿಂದ ಧುಮ್ಮಿಕ್ಕುವ ನೀರಿನ ಫೋಟೊ. ಆ ನೀರು ತಿ. ನರಸೀಪುರದಲ್ಲಿ ಕಾವೇರಿ ಸೇರುವ ಮೊದಲು ಎಷ್ಟು ಬೀದಿಗಳ ಪಕ್ಕ ಹಾದುಹೋಗುತ್ತದೆ ಎನ್ನುವುದು ನೆನಪಾಗುವುದು ನೆರೆ ಬಂದಾಗ ಮಾತ್ರ.

ಈ ಪ್ರಕರಣದ ಊರು ಆ ದಡದ್ದು. ಕೆಳಗಿನ ಸಾಲನ್ನು ನದಿಬೀದಿ ಎನ್ನೋಣ. ನೀರನ್ನೇ ನಂಬಿದ ಕಸುಬಿನವರ ಮನೆಗಳು. ಅರ್ಧದಷ್ಟು ಮಣ್ಣಿನ ಗೋಡೆಯವು, ಉಳಿದವು ಸರ್ಕಾರವೇ ಹಕ್ಕುಪತ್ರ ಕೊಟ್ಟು ಕಟ್ಟಿಸಿದ ಆಶ್ರಯ ಮನೆಗಳು. ಈ ಹಕ್ಕುಪತ್ರದ ಸಂಗತಿಗೆ ಮತ್ತೆ ಬರುತ್ತೇನೆ.

ನಮ್ಮ ವರದಿಗಾರ ಅದೇ ಹೋಬಳಿಯವನು, ಅರೆಕಾಲಿಕ. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಪತ್ರಿಕೆ ಕೊಡುತ್ತಿದ್ದ ದುಡ್ಡಿನಲ್ಲಿ ಅವನ ಬೈಕಿನ ಪೆಟ್ರೋಲ್ ಖರ್ಚೂ ಹುಟ್ಟುತ್ತಿರಲಿಲ್ಲ. ಈ ಪ್ರಕರಣದಲ್ಲಿ ಸರಿಯಾಗಿ ಯೋಚಿಸಿದವನು ಅವನೊಬ್ಬನೇ.

ಮೊದಲ ದಿನ

ಬೆಳಗಿನ ಜಾವ ಮೂರರ ಸುಮಾರಿಗೆ ನದಿಬೀದಿಗೆ ನೀರು ನುಗ್ಗಿತು. ಜೀವ ಹೋಗಲಿಲ್ಲ. ಕುರಿಗಳು ಹೋದವು, ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ ಸಮೇತ ಹೋದವು, ವರ್ಷದ ರಾಗಿ ನೆನೆಯಿತು. ಟ್ರಂಕಿನೊಳಗಿದ್ದ ಕಾಗದಪತ್ರ ಮುದ್ದೆಯಾಯಿತು. ಬೆಳಕು ಹರಿಯುವ ಹೊತ್ತಿಗೆ ಜನ ಮೇಲಿನ ಶಾಲೆಯಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಶಾಲೆಗೆ ಕಾಳಜಿ ಕೇಂದ್ರ ಎಂಬ ಬ್ಯಾನರ್ ಬಿತ್ತು.

ಒಂಬತ್ತು ಗಂಟೆಗೆ ವಿರೋಧ ಪಕ್ಷದ ಮುಖಂಡರೊಬ್ಬರು ಬಂದರು. ಟ್ರ್ಯಾಕ್ಟರ್ ಟ್ರೈಲರ್ ಮೇಲೆ ನಿಂತು ಅವರು ಹೇಳಿದ್ದು ಇಷ್ಟು: ಇದು ದೇವರು ತಂದ ನೆರೆಯಲ್ಲ, ದೊಡ್ಡವರು ಬಾಗಿನ ಬಿಡಲಿ ಅಂತ ಡ್ಯಾಂ ತುಂಬಿಸಿಟ್ಟುಕೊಂಡು, ಕೊನೆಗೆ ಯಾರಿಗೂ ಹೇಳದೆ ಒಂದೇ ಸಲ ಗೇಟು ಎತ್ತಿದ್ದಾರೆ. ಮಧ್ಯಾಹ್ನ ಆಳುವ ಪಕ್ಷದವರು ಬಂದರು. ಕೇರಳದವರು ಹೇಳದೆ ಕೇಳದೆ ಬಾಣಾಸುರ ಸಾಗರ ಅಣೆಕಟ್ಟಿನ ನೀರು ಬಿಟ್ಟರು, ನಾವೇನು ಮಾಡೋಣ ಎಂದರು. ಕಾರು ಹತ್ತುವ ಮುಂಚೆ, ಈ ಮನೆಗಳೆಲ್ಲ ನದಿ ಒತ್ತುವರಿ, ಹಿಂದಿನವರು ಓಟಿಗಾಗಿ ಬಿಟ್ಟಿದ್ದು ಎಂದೂ ಸೇರಿಸಿದರು. ಶಾಲೆಯ ಜಗಲಿಯಲ್ಲಿ ಕೂತಿದ್ದ ಒಬ್ಬಾಕೆ, “ಊರಿಗ್ ಬಂದೋರು ನೀರಿಗ್ ಬರ್ದೆ ಇರ್ತಾರಾ, ಬರ್ಲಿ ಬುಡಿ” ಎಂದಳಂತೆ. ನಮ್ಮ ಹುಡುಗ ಅದನ್ನೂ ಬರೆದು ಕಳಿಸಿದ್ದ. ಜಾಗವಿಲ್ಲವೆಂದು ನಾನು ತೆಗೆದೆ.

ಆ ಸಂಜೆ ಪುಟದ ಲೀಡ್, ಅಂದರೆ ಮುಖ್ಯ ಸುದ್ದಿ, ಯಾವುದು ಎನ್ನುವುದು ಮೊದಲ ತೀರ್ಮಾನ. ಮುಂದೆ ಮೂರು ವಸ್ತುಗಳಿದ್ದವು: ಮುಖಂಡರ ಆರೋಪ, ಅದಕ್ಕೆ ಮರುಆರೋಪ, ಮತ್ತೆ ನಮ್ಮ ವರದಿಗಾರ ಕಳಿಸಿದ ‘ಊರಿಗೆ ಯಾರೂ ಬಂದು ಹೇಳಲಿಲ್ಲ’ ಎಂಬ ನಾಲ್ಕು ಪ್ಯಾರಾ. ನಾನು ‘ಬಾಗಿನಕ್ಕಾಗಿ ನೆರೆ?’ ಎಂದು ಎಂಟು ಕಾಲಂ ತಲೆಬರಹ ಕೊಟ್ಟೆ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ಅದನ್ನು ಹಾಕಿದರೆ ಪಾಪ ತಟ್ಟುವುದಿಲ್ಲ ಎಂಬುದು ಡೆಸ್ಕಿನವರ ನಂಬಿಕೆ. ಓದುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಮರುಆರೋಪ ಪಕ್ಕದ ಬಾಕ್ಸಿಗೆ ಹೋಯಿತು, ಒತ್ತುವರಿ ಎಂಬ ಮಾತಿನ ಸಮೇತ. ಎರಡು ಕಡೆಯೂ ಬಂತಲ್ಲ, ಸಮತೋಲನವಾಯಿತು ಎಂದು ಮನೆಗೆ ಹೋಗಿ ಮಲಗಿದೆ.

ಸಮಸ್ಯೆ ಎಲ್ಲಿ ಬಿಗಡಾಯಿಸಿತು

ಮಾರನೆಯ ದಿನ ಚಾನೆಲ್‌ಗಳ ವ್ಯಾನುಗಳು ಬಂದವು. ಅವರನ್ನು ಹಂಗಿಸುವ ನೈತಿಕತೆ ನನಗಿಲ್ಲ. ಅವರು ಕೈಯಲ್ಲಿ ಹಿಡಿದು ಬಂದದ್ದು ನಮ್ಮದೇ ತಲೆಬರಹ. ‘ಯಾರ ತಪ್ಪಮ್ಮ ಇದು?’ ಎಂದು ನದಿಬೀದಿಯ ಹೆಂಗಸರ ಮುಂದೆ ಮೈಕು ಹಿಡಿದರು. ಆ ಹೆಂಗಸರು ಶಾಲೆಯಲ್ಲಿ ಎರಡೇ ಕಕ್ಕಸು ಇದೆ, ಒಂದರ ಬಾಗಿಲಿಗೆ ಚಿಲಕವಿಲ್ಲ ಎಂದು ಹೇಳುತ್ತಿದ್ದರು. ಅದು ಪ್ರಸಾರವಾಗಲಿಲ್ಲ.

ಅಣೆಕಟ್ಟಿನ ಎಂಜಿನಿಯರುಗಳು ಬಾಯಿ ಬಿಡಲಿಲ್ಲ. ಮಾಧ್ಯಮಕ್ಕೆ ಮೇಲಿನವರು ಮಾತ್ರ ಮಾತಾಡಬೇಕೆಂಬುದು ಅವರಿಗಿದ್ದ ಸೂಚನೆ, ಮೇಲಿನವರೋ ಸಭೆಯಲ್ಲಿದ್ದರು. ನಾವು ‘ಅಧಿಕಾರಿಗಳ ಮೌನ’ ಎಂದು ಬರೆದೆವು. ನಮ್ಮ ಸೀಮೆಯಲ್ಲಿ ಮೌನ ಎಂದರೆ ಒಪ್ಪಿಗೆ ಎಂದೇ ಅರ್ಥ.

ಇಷ್ಟರಲ್ಲಿ ಕೇಂದ್ರ ಏನು ಕೊಟ್ಟಿತು, ರಾಜ್ಯ ಏನು ಕೇಳಿತು ಎಂಬ ಜಗಳವೂ ಸೇರಿಕೊಂಡಿತು. ಇದಕ್ಕೆ ಪ್ರತಿ ನೆರೆಯಲ್ಲೂ ಒಂದು ಸ್ಥಳವಿದೆ. 2019ರಲ್ಲಂತೂ ಜುಲೈ 26ಕ್ಕೆ ಮುಖ್ಯಮಂತ್ರಿ ಪ್ರಮಾಣವಚನ ಆಗಿತ್ತು, ಆಗಸ್ಟ್ 20ರವರೆಗೆ ಸಂಪುಟದಲ್ಲಿ ಇನ್ನೊಬ್ಬ ಸಚಿವರಿರಲಿಲ್ಲ. ನೆರೆ ಬಂದದ್ದು ಆ ನಡುವಿನ ದಿನಗಳಲ್ಲಿ. ಜಿಲ್ಲೆಗೆ ಉಸ್ತುವಾರಿ ಸಚಿವರೇ ಇಲ್ಲದಾಗ ಬೈಯಲೂ ಒಂದು ಮುಖ ಬೇಕಲ್ಲ ಎಂದು ಕಚೇರಿಯಲ್ಲಿ ನಗುತ್ತಿದ್ದೆವು. ಅದೇ ವರ್ಷ ಪೂರ್ತಿ ಬಿದ್ದ ಮನೆಗೆ ರಾಜ್ಯ 5 ಲಕ್ಷ ರೂಪಾಯಿ ಘೋಷಿಸಿತು. ಕೇಂದ್ರದ ವಿಪತ್ತು ಪರಿಹಾರ ನಿಯಮದಲ್ಲಿ ಬಯಲು ಸೀಮೆಯ ಮನೆಗೆ ಇದ್ದದ್ದು 95,100 ರೂಪಾಯಿ. ಎರಡರ ನಡುವಿನ ಅಂತರವೇ ಎಷ್ಟೋ ದಿನದ ಭಾಷಣಕ್ಕೆ ಸಾಕಾಯಿತು. ಆದರೆ ಯಾರ ಮನೆ ‘ಪೂರ್ತಿ ಬಿದ್ದದ್ದು’ ಎಂದು ಬರೆಯುವವರು ದೆಹಲಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಗ್ರಾಮಲೆಕ್ಕಿಗ (ಈಗ ಆ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ) ಮತ್ತು ಒಬ್ಬ ಕಿರಿಯ ಎಂಜಿನಿಯರ್ ಒಂದು ಪ್ಯಾಡು ಹಿಡಿದು ಬೀದಿಯಲ್ಲಿ ನಡೆಯುತ್ತ ಎ, ಬಿ, ಸಿ ಎಂದು ಬರೆಯುತ್ತಾರೆ. ಎ ಎಂದರೆ ಲಕ್ಷಗಳ ಮಾತು, ಸಿ ಎಂದರೆ ಸಾವಿರಗಳದ್ದು.

ಮೂರನೆಯ ದಿನ ಅವರು ನದಿಬೀದಿಗೆ ಬಂದರು. ಅವತ್ತು ನಮ್ಮ ವರದಿಗಾರ ಎರಡು ವಿಷಯ ಕಳಿಸಿದ. ಒಂದು: ಮಣ್ಣಿನ ಗೋಡೆ ನೀರಿನಲ್ಲಿ ನಿಂತಿರುವಾಗ ಬೀಳುವುದಿಲ್ಲ, ನೀರಿಳಿದು ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಕೂರುತ್ತದೆ. ಇವತ್ತು ಪಟ್ಟಿ ಮಾಡಿದರೆ ನಾಳಿದ್ದು ಬೀಳುವ ಮನೆಗಳು ಸಿ ಆಗುತ್ತವೆ, ಇಲ್ಲ ಪಟ್ಟಿಯಲ್ಲೇ ಇರುವುದಿಲ್ಲ. ಎರಡು: ಪಟ್ಟಿ ಮಾಡುವವರು ಈ ಸಲ ಮನೆ ಕಾಗದ ಕೇಳುತ್ತಿದ್ದಾರೆ. ಯಾಕೆ ಎಂದು ಕೇಳಿದರೆ, ‘ಪೇಪರಲ್ಲಿ ಒತ್ತುವರಿ ಅಂತ ಬಂದಿದೆಯಲ್ಲ, ನಾಳೆ ಆಡಿಟ್‌ನಲ್ಲಿ ನಮ್ಮ ತಲೆಗೆ ಬರುತ್ತೆ’ ಎಂದರಂತೆ.

ಪೇಪರ್ ಎಂದರೆ ನಮ್ಮದು. ಅಳುತ್ತ ಟ್ರಂಕು ತೆಗೆದು ಮುದ್ದೆ ಹಕ್ಕುಪತ್ರ ತೋರಿಸಿದವರಿದ್ದರು, ಅದೂ ಇಲ್ಲದವರಿದ್ದರು. ಒಬ್ಬ ರಾಜಕಾರಣಿ ಕಾರು ಹತ್ತುವಾಗ ಆಡಿದ, ಯಾರೂ ತಾಳೆ ನೋಡದ ಒಂದು ಮಾತು ನಮ್ಮ ಬಾಕ್ಸಿನಲ್ಲಿ ಅಚ್ಚಾಗಿ, ಎರಡು ದಿನದೊಳಗೆ ಸರ್ಕಾರಿ ಪ್ಯಾಡಿನ ಮೇಲೆ ಕೂತಿತ್ತು. ಇದನ್ನು ಓದಿದ ಮೇಲೂ ನಾನು ಅವನ ವರದಿಯನ್ನು ಒಂದು ಕಾಲಂನ ಮೂರು ಸಾಲು ಮಾಡಿದೆ. ಯಾಕೆಂದರೆ ಅವತ್ತು ಎರಡೂ ಪಕ್ಷದವರು ಕಾಳಜಿ ಕೇಂದ್ರದಲ್ಲಿ ಅಕ್ಕಿ ಮೂಟೆಯ ಮೇಲೆ ಯಾರ ಫೋಟೊ ಇರಬೇಕೆಂದು ಹೊಡೆದಾಡಿಕೊಂಡಿದ್ದರು. ‘ಕೆಸರೆರಚಾಟ’ ಎಂಬ ತಲೆಬರಹ ಅಷ್ಟು ಚೆನ್ನಾಗಿ ಹೊಂದುವ ದಿನ ಮತ್ತೆ ಸಿಗುತ್ತದೆಯೇ!

ತಿರುವು

ನಾಲ್ಕನೆಯ ದಿನ ರಾತ್ರಿ ಅವನು ಫೋನು ಮಾಡಿದ. ಕೋಪವಿರಲಿಲ್ಲ, ಸುಸ್ತಿತ್ತು. “ಸರ್, ಯಾರ ತಪ್ಪು ಅಂತ ಕೇಳುದ್ರೆ ಎಲ್ರೂ ಪಾರ್ಟಿ ಹೆಸ್ರು ಹೇಳ್ತಾರೆ. ನಿಮ್ಗೆ ಎಷ್ಟೊತ್ಗೆ ಗೊತ್ತಾಯ್ತು ಅಂತ ಕೇಳುದ್ರೆ ಟೈಮ್ ಹೇಳ್ತಾರೆ. ಅದನ್ನೇ ಕೇಳ್ಲಾ?”

ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಹೂಂ ಎಂದದ್ದು. ಮರುದಿನ ಅವನು ಊರಿನಲ್ಲಿ, ನಾನು ಮೈಸೂರಿನಲ್ಲಿ ಎಲ್ಲರಿಗೂ ಅದೊಂದೇ ಪ್ರಶ್ನೆ ಹಾಕಿದೆವು: ನಿಮಗೆ ಯಾವಾಗ ಗೊತ್ತಾಯಿತು, ಯಾರಿಂದ? ಬಾಯಿಮಾತಿಗೆ ಬೆಲೆಯಿಲ್ಲ, ಫೋನಿನಲ್ಲಿ ತೋರಿಸಬೇಕು ಎಂದು ಕಟ್ಟು ಹಾಕಿಕೊಂಡೆವು.

ಸಿಕ್ಕಿದ್ದು ಇದು. ನೀರು ಹಂತಹಂತವಾಗಿ ಹೆಚ್ಚಿಸುತ್ತೇವೆ, ದಡದವರನ್ನು ಎಚ್ಚರಿಸಿ ಎಂಬ ಸಂದೇಶ ಅಣೆಕಟ್ಟಿನ ಕಡೆಯಿಂದ ಹಿಂದಿನ ಸಂಜೆ 5.40ಕ್ಕೇ ಹೊರಟಿತ್ತು. ಅಂದರೆ ‘ಹೇಳದೆ ಗೇಟು ಎತ್ತಿದರು’ ಎಂಬುದು ಸುಳ್ಳು. 7.15ಕ್ಕೆ ಅದು ತಾಲ್ಲೂಕು ಕಚೇರಿಯಿಂದ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಎಂಟಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅದನ್ನು ಪಂಚಾಯಿತಿ ಸದಸ್ಯರ ಗುಂಪಿಗೆ ತಳ್ಳಿದರು. ಅಲ್ಲಿ ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು, ಇನ್ನೊಬ್ಬರು ‘ವರ್ಷಾ ವರ್ಷಾ ಬರೋದೆ’ ಎಂದರು. ಸಂದೇಶದಲ್ಲಿದ್ದದ್ದು ಇಂತಿಷ್ಟು ಸಾವಿರ ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ ಹರಿವು) ಎಂಬ ಲೆಕ್ಕ. ಅಷ್ಟು ಕ್ಯುಸೆಕ್ ಬಂದರೆ ನೀರು ಎಲ್ಲಿಯ ತನಕ ಏರುತ್ತದೆ ಎಂದು ಊರಲ್ಲಿ ಯಾರಿಗೂ ಗೊತ್ತಿಲ್ಲ, ಪಿಡಿಒಗೂ ಗೊತ್ತಿಲ್ಲ.

ರಾತ್ರಿ ಹನ್ನೊಂದಕ್ಕೆ, ಊರಲ್ಲೇ ತಂಗುವ ಹಾಲ್ಟ್ ಬಸ್ಸಿನ ಡ್ರೈವರ್ ನದಿ ಪಕ್ಕದ ಅರಳಿಕಟ್ಟೆಯಿಂದ ಬಸ್ಸನ್ನು ತೆಗೆದು ಮೇಲಿನ ಶಾಲೆ ಮೈದಾನದಲ್ಲಿ ನಿಲ್ಲಿಸಿದ್ದ. ಮೇಲ್ಗಡೆ ಊರಿನ ಇನ್ನೊಂದು ಹಾಲ್ಟ್ ಬಸ್ಸಿನವನು ಫೋನು ಮಾಡಿ, ಸೇತುವೆ ಮಟ್ಟಕ್ಕೆ ನೀರು ಬಂದಿದೆ ಎಂದಿದ್ದನಂತೆ. ಟೀ ಅಂಗಡಿಯವನಿಗೂ ಹೇಳಿ ಮಲಗಿದ. ಟೀ ಅಂಗಡಿಯವನು ತನ್ನ ಸಿಲಿಂಡರ್ ಎತ್ತಿಟ್ಟ. ಪಂಚಾಯಿತಿಯ ಕಸದ ಆಟೊ ಮೈಕಿನ ಸಮೇತ ಕಚೇರಿ ಮುಂದೆ ರಾತ್ರಿಯಿಡೀ ನಿಂತಿತ್ತು. ಅದರ ಡ್ರೈವರ್ ಪಕ್ಕದೂರಿನವನು, ಕೀಲಿ ಅವನ ಹತ್ತಿರ. ಎಚ್ಚರಿಕೆ ಊರಿಗೆ ಬಂದು ಏಳು ಗಂಟೆ ಕೂತಿತ್ತು, ನದಿಬೀದಿಗೆ ಇಳಿಯಲಿಲ್ಲ. ಹಿಂದಿನ ಕಾಲದಲ್ಲಿ ತಮಟೆ ಬಡಿದು ಸಾರುವವರಿದ್ದರು ಎಂದು ಹಿರಿಯರು ಹೇಳಿದರು. ಅದನ್ನು ನಿಲ್ಲಿಸಿದ್ದು ಸರಿಯೇ, ಅದರ ಹಿಂದಿದ್ದ ಜಾತಿಯ ಬಿಟ್ಟಿ ದುಡಿಮೆ ಹೋಗಲೇಬೇಕಿತ್ತು. ಆದರೆ ಆ ಜಾಗಕ್ಕೆ ಕೀಲಿ ಇಲ್ಲದ ಆಟೊ ಬಂದು ನಿಂತಿತ್ತು.

ಇನ್ನು ಬಾಗಿನದ ಆರೋಪ. ಇದನ್ನು ತಾಳೆ ನೋಡಲು ಬೇಕಿದ್ದ ಸಾಕ್ಷ್ಯ ನಮ್ಮ ಪತ್ರಿಕೆಯಲ್ಲೇ ಇತ್ತು. ಮೈಸೂರು, ಮಂಡ್ಯದ ಪತ್ರಿಕೆಗಳಲ್ಲಿ ಮಳೆಗಾಲವಿಡೀ ದಿನಾ ಒಂದು ಪುಟ್ಟ ಬಾಕ್ಸ್ ಇರುತ್ತದೆ: ಕೆಆರ್‌ಎಸ್‌ 124.80 ಅಡಿ, ಕಬಿನಿ 2284 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಭತ್ತದ ನಾಟಿ ಹಾಕುವವರು ಮೊದಲು ಓದುವುದೇ ಅದನ್ನು. ಹಳೆಯ ಸಂಚಿಕೆ ತೆಗೆದು ಹತ್ತು ದಿನದ ಬಾಕ್ಸ್ ಸಾಲಾಗಿ ಇಟ್ಟೆವು. ಜಲಾಶಯ ಹತ್ತು ದಿನದಿಂದ ಅಂಚಿನ ಸಮೀಪವೇ ಇತ್ತು, ಬಂದಷ್ಟು ಹೊರಗೆ ಹೋಗುತ್ತಿತ್ತು. ಒಂದೇ ಸಲ ಗೇಟು ಎತ್ತಿದ್ದಲ್ಲ, ಆದರೆ ಖಾಲಿ ಜಾಗ ಇಟ್ಟುಕೊಂಡಿರಲಿಲ್ಲ ಎಂಬುದು ನಿಜ.

ಖಾಲಿ ಇಟ್ಟಿದ್ದರೆ? ನಿವೃತ್ತ ನೀರಾವರಿ ಎಂಜಿನಿಯರ್ ಒಬ್ಬರು ಹೋಟೆಲ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿ ತೋರಿಸಿದರು. ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. 2019ರ ಆಗಸ್ಟಿನಂತೆ ಹರಿವು ಲಕ್ಷ ಕ್ಯುಸೆಕ್ ಮುಟ್ಟಿದರೆ ದಿನಕ್ಕೆ 8.64 ಟಿಎಂಸಿ. ಇಡೀ ಕಬಿನಿ ಒಣಗಿ ನಿಂತಿದ್ದರೂ ಎರಡು ದಿನ ಚಿಲ್ಲರೆಯಲ್ಲಿ ತುಂಬುತ್ತದೆ. 5 ಟಿಎಂಸಿ ಜಾಗ ಬಿಟ್ಟಿದ್ದರೆ, ಒಂದು ಹನಿಯೂ ಬಿಡದೆ ಹಿಡಿದಿಟ್ಟರೂ ಸಿಗುವುದು ಸುಮಾರು 14 ಗಂಟೆ. “ನೆರೆ ನಿಲ್ತಿರಲಿಲ್ಲ ಕಣ್ರೀ. ಆದ್ರೆ 14 ಗಂಟೆ ಅಂದ್ರೆ ರಾತ್ರಿ ಬರೋದು ಹಗಲು ಬರ್ತಿತ್ತು” ಎಂದರು. ಆಮೇಲೆ ತಾವೇ, “ಆ 5 ಟಿಎಂಸಿ ಬಿಟ್ಟು, ಆಮೇಲೆ ಮಳೆ ಕೈಕೊಟ್ಟಿದ್ರೆ? ನೀರೆಲ್ಲ ತಮಿಳುನಾಡಿಗೆ ಹರಿಸಿದ ದ್ರೋಹಿ ಅಂತ ಇದೇ ಪೇಪರ್‌ನಲ್ಲಿ ನನ್ನ ಫೋಟೊ ಬರ್ತಿತ್ತು” ಎಂದು ನಕ್ಕರು.

ಇದು ನಮ್ಮಲ್ಲಿ ಮಾತ್ರ ಇರುವ ತಕರಾರೂ ಅಲ್ಲ. 2018ರ ಕೇರಳದ ಮಹಾ ನೆರೆಗೆ ಅಣೆಕಟ್ಟುಗಳು ಕಾರಣವೇ ಎಂಬ ಪ್ರಶ್ನೆಗೆ ಕೇಂದ್ರ ಜಲ ಆಯೋಗ ಮುಖ್ಯ ಕಾರಣ ಅತಿವೃಷ್ಟಿ ಎಂದಿತು. ಅಲ್ಲಿನ ಹೈಕೋರ್ಟ್ ನೇಮಿಸಿದ ಅಮಿಕಸ್ ಕ್ಯೂರಿ (ಕೋರ್ಟಿಗೆ ನೆರವಾಗುವ ವಕೀಲರು) 2019ರಲ್ಲಿ ಅಣೆಕಟ್ಟು ನಿರ್ವಹಣೆಯನ್ನೇ ದೂರಿದರು. ತಿಳಿದವರು ತಿಂಗಳುಗಟ್ಟಲೆ ಕೂತು ಎರಡು ಉತ್ತರ ಕೊಟ್ಟ ಪ್ರಶ್ನೆಗೆ ನಾವು ರಾತ್ರಿ ಹತ್ತೂವರೆಯ ಡೆಡ್‌ಲೈನಿಗೆ ಎಂಟು ಕಾಲಂನಲ್ಲಿ ತೀರ್ಪು ಬರೆದಿದ್ದೆವು. ಕೇರಳದವರು ಹೇಳಲೇ ಇಲ್ಲ ಎಂಬ ಮಾತೂ ಹಾಗೇ. ಜಲ ಆಯೋಗಕ್ಕೆ ವಯನಾಡಿನ ಮುತ್ತಂಕೇರಾದಲ್ಲಿ ಕಬಿನಿಯ ಹರಿವು ಅಳೆಯುವ ಕೇಂದ್ರವಿದೆ. ಮೇಲಿನಿಂದ ಏನು ಬರುತ್ತಿದೆ ಎಂದು ತಿಳಿಯಲು ನೆರೆ ರಾಜ್ಯದವರ ಫೋನಿಗೇ ಕಾಯಬೇಕಾಗಿಲ್ಲ.

ಆಮೇಲೆ ಆದದ್ದು

ಆರನೆಯ ದಿನ ಅರ್ಧ ಪುಟ ಅಚ್ಚಾಯಿತು. ಗಂಟೆಗಳ ಪಟ್ಟಿ, ಹತ್ತು ದಿನದ ಬಾಕ್ಸ್, 14 ಗಂಟೆಯ ಲೆಕ್ಕ, ಜೊತೆಗೆ ಒಣಗುವ ಗೋಡೆಗಳ ವಿಷಯ. ಯಾವ ಮುಖಂಡರ ಹೇಳಿಕೆಯೂ ಇಲ್ಲ. ನದಿಬೀದಿಯ ಆಶ್ರಯ ಮನೆಗಳಿಗೆ ಹಕ್ಕುಪತ್ರ ಕೊಟ್ಟದ್ದು ಸರ್ಕಾರವೇ ಎಂದು ಪ್ರತ್ಯೇಕವಾಗಿ, ನಮ್ಮ ಹಿಂದಿನ ಬಾಕ್ಸಿನ ತಿದ್ದುಪಡಿಯಾಗಿ ಹಾಕಿದೆವು. ತಿದ್ದುಪಡಿಯನ್ನು ಮೂಲ ತಪ್ಪಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ವಾದ ಮಾಡಿದೆ. ಸಂಪಾದಕರು ಅರ್ಧ ಒಪ್ಪಿದರು.

ಎರಡೂ ಪಕ್ಷದವರಿಗೆ ಸಿಟ್ಟು ಬಂತು, ಎರಡು ದಿನದಲ್ಲಿ ಎರಡೂ ಪಕ್ಷದವರು ಅದರಿಂದ ತಮಗೆ ಬೇಕಾದ ಸಾಲು ಕತ್ತರಿಸಿಕೊಂಡು ಭಾಷಣಕ್ಕೆ ಬಳಸಿದರು. ಆರೋಪ ನಿಲ್ಲಲಿಲ್ಲ. ನಿಲ್ಲಲಿ ಎಂದು ನಾನು ಬಯಸುವುದೂ ಇಲ್ಲ. ನೆರೆಯಾದಾಗ ಆಳುವವರನ್ನು ಯಾರೂ ಕೇಳದಿದ್ದರೆ ಅದು ಇನ್ನೂ ಕೆಟ್ಟ ದಿನ. ಬದಲಾದದ್ದು ಕೇಳುವ ಪ್ರಶ್ನೆ. ತಾಲ್ಲೂಕು ಸಭೆಯಲ್ಲಿ ಒಬ್ಬ ಸದಸ್ಯ, ಕಸದ ಆಟೊ ಕೀಲಿ ರಾತ್ರಿ ಎಲ್ಲಿರಬೇಕು ಎಂದು ಕೇಳಿದ. ಚಿಲ್ಲರೆ ಪ್ರಶ್ನೆ ಎಂದು ಯಾರೋ ನಕ್ಕರು. ಆದರೆ ಅದೊಂದಕ್ಕೇ ಅವತ್ತು ಉತ್ತರ ಸಿಕ್ಕಿದ್ದು: ಇನ್ನೊಂದು ಕೀಲಿ ಮಾಡಿಸಿ ಊರಲ್ಲೇ ಇರುವ ನೀರಗಂಟಿಯ ಹತ್ತಿರ ಕೊಟ್ಟರು. ನದಿಗೆ ಇಳಿಯುವ ಮೆಟ್ಟಿಲುಗಳ ಮೇಲೆ ಬಣ್ಣದ ಗೆರೆ ಎಳೆದು, ಇಂತಿಷ್ಟು ಸಾವಿರ ಕ್ಯುಸೆಕ್ ಅಂದರೆ ಈ ಗೆರೆ ಎಂದು ಬರೆಸಿದರು. ಈಗ ಸಂದೇಶದಲ್ಲಿ ‘ಕೆಂಪು ಗೆರೆ ಮುಟ್ಟಬಹುದು’ ಎಂದು ಬರೆಯುತ್ತಾರಂತೆ. ಅದು ಊರಿನ ಮಕ್ಕಳಿಗೂ ಅರ್ಥವಾಗುತ್ತದೆ.

ಮನೆಗಳ ಪಟ್ಟಿ ಎರಡನೆಯ ಸಲ ಮಾಡಲು ಆದೇಶವಾಯಿತು. ನೀರಿಳಿದು ಹನ್ನೊಂದು ದಿನವಾದ ಮೇಲೆ ಅದೇ ಗ್ರಾಮಲೆಕ್ಕಿಗ, ಅದೇ ಪ್ಯಾಡು. ಸಿ ಆಗಿದ್ದ ಕೆಲವು ಮನೆಗಳು ಅಷ್ಟರಲ್ಲಿ ಪೂರ್ತಿ ಕೂತಿದ್ದವು, ಎ ಆದವು. ಕಾಗದ ಕೇಳುವುದನ್ನು ಬಿಟ್ಟು ಪಡಿತರ ಚೀಟಿ, ಕರೆಂಟ್ ಬಿಲ್ಲಿನಲ್ಲೇ ಒಪ್ಪಿಕೊಂಡರು.

ನಾನು ಆ ಊರಿಗೆ ಹೋದದ್ದು ಅವತ್ತೇ ಮೊದಲು. ಅಷ್ಟು ದಿನ ಮೈಸೂರಿನಲ್ಲೇ ಕೂತು ಆ ಬೀದಿಯ ತಲೆಬರಹ ಬರೆದಿದ್ದೆ. ಬೀದಿಯ ಕೊನೆಯಲ್ಲಿ ಒಂಟಿ ಮುದುಕಿಯ ಮನೆ. ನೀರಿಗೆ ಬರದೆ ಇರ್ತಾರಾ ಎಂದವಳು ಅವಳೇ ಎಂದು ನಮ್ಮ ಹುಡುಗ ಪಿಸುಗುಟ್ಟಿದ. ಮೊದಲ ಪಟ್ಟಿಯಲ್ಲಿ ಅವಳದು ಸಿ. ಐದನೆಯ ದಿನ ಹಿಂಬದಿ ಗೋಡೆ ಕುಸಿದಿತ್ತು. ಚಳಿ ತಡೆಯಲಾರದೆ ಸಂಘದಲ್ಲಿ ಸಾಲ ಎತ್ತಿ ಇಟ್ಟಿಗೆ ತರಿಸಿ ಗೋಡೆ ಕಟ್ಟಿಸಿಬಿಟ್ಟಿದ್ದಳು. ಗ್ರಾಮಲೆಕ್ಕಿಗ ಹೊಸ ಗೋಡೆಯ ಫೋಟೊ ತೆಗೆದುಕೊಂಡು ತಲೆ ಕೆರೆದುಕೊಂಡ. ನಿಂತಿರುವ ಗೋಡೆಯನ್ನು ಬಿದ್ದಿದೆ ಎಂದು ಬರೆಯುವುದು ಹೇಗೆ?

“ಮತ್ತೆ ಬರ್ದ್‌ಕತಾರೆ ಅಂತ ಮೊದ್ಲೇ ಪೇಪರಲ್ಲಿ ಹಾಕುದ್ರೆ ನಾನ್ಯಾಕ್ ಕಟ್ಟುಸ್ತಿದ್ದೆ ಕಣಪ್ಪ” ಎಂದಳು. ಮೂರನೆಯ ದಿನದ ಆ ಮೂರು ಸಾಲಿನ ಸುದ್ದಿಯ ವಿಷಯ ನಾನು ಅವಳಿಗೆ ಹೇಳಲಿಲ್ಲ. ಟೀ ಕುಡಿದು ಹೋಗಿ ಎಂದು ಕೂರಿಸಿದಳು. ಒಲೆ ಆ ಹೊಸ ಗೋಡೆಗೆ ಒರಗಿಯೇ ಇತ್ತು, ಸಿಮೆಂಟು ಇನ್ನೂ ಹಸಿ.